ದುಂಡಾಣು ನಿರೋಧಕ ಲೋಳೆ: ಎಲ್ಲಿ ಬೇಕು, ಎಲ್ಲಿ ಬೇಡ

ಕಳೆದ ಮುಂಗಾರಿಗೆ ಮುಂಚೆ ನಡೆದ ಒಂದು ತರಬೇತಿ ಶಿಬಿರಕ್ಕೆ ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರೊಬ್ಬರು ಬಂದಿದ್ದರು. ಊಟದ ಬಿಡುವಿನಲ್ಲಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಸಕ್ಕರೆಯಂಥ ಹರಳು. ನೀರು ಬಿದ್ದರೆ ಉಬ್ಬಿ ಲೋಳೆಯಾಗುತ್ತದೆ, ಸಾಲಿಗೆ ಹಾಕಿದರೆ ತೇವ ಹಿಡಿದಿಡುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಅಷ್ಟೇ ಆಗಿದ್ದರೆ ಹೊಸದೇನೂ ಅಲ್ಲ. ಆದರೆ ಈ ಪೊಟ್ಟಣಕ್ಕೆ ಇನ್ನೊಂದು ಗುಣವನ್ನೂ ಅಂಟಿಸಲಾಗಿತ್ತು: ಇದು ರೋಗಾಣುಗಳನ್ನು ಕೊಲ್ಲುತ್ತದೆ.

“ನೀರೂ ನಿಲ್ಲುತ್ತೆ, ಬುಡಕೊಳೆ ರೋಗಾನೂ ಹೋಗುತ್ತೆ ಅಂದ್ರೆ ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ ಅಲ್ವಾ ಸಾರ್?” ಎಂದು ಕೇಳಿದರು. ಮಾತಿನ ಮಧ್ಯೆ ತಮ್ಮ ಎತ್ತಿನ ಹೆಗಲು ಹುಣ್ಣಾಗಿ ಮಾಯುತ್ತಲೇ ಇಲ್ಲ, ಬಿತ್ತನೆಗೆ ಏನು ಮಾಡುವುದೋ ಎಂದೂ ಹೇಳಿಕೊಂಡರು. ಈ ಎರಡು ಮಾತುಗಳಿಗೆ ಸಂಬಂಧವಿದೆ ಎಂದು ಅವರಿಗೆ ಅನಿಸಿರಲಿಲ್ಲ. ಸಂಬಂಧವಿದೆ. ದುಂಡಾಣುಗಳನ್ನು ಕೊಲ್ಲುವ ಗಟ್ಟಿ ಲೋಳೆಯನ್ನು ತಯಾರಿಸಲು ಇಂದು ಅನೇಕ ದೇಶಗಳ ಪ್ರಯೋಗಶಾಲೆಗಳಲ್ಲಿ ಕೆಲಸ ನಡೆದಿದೆ. ಆ ಲೋಳೆಯ ಜಾಗ ಎತ್ತಿನ ಹೆಗಲೇ ಹೊರತು ಶೇಂಗಾ ಹೊಲವಲ್ಲ. ಹೀಗೇಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಲೋಳೆಯ ಒಳಗೆ ಏನಿದೆ?

ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಪ್ರತಿಯೊಂದು ಬೀಜದ ಸುತ್ತಲೂ ಲೋಳೆಯ ಪದರ ಕಟ್ಟುತ್ತದೆ. ಬೀಜವನ್ನು ಎತ್ತಿದರೂ ಆ ನೀರು ಜಾರಿ ಹೋಗುವುದಿಲ್ಲ. ಬೆಂಡೆಕಾಯಿಯ ಅಂಟು, ಲೋಳೆಸರದ ತಿರುಳು, ಗೋರಿಕಾಯಿ ಬೀಜದ ಗೋಂದು ಎಲ್ಲವೂ ಇದೇ ಜಾತಿ. ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದು ಬಲೆಯಂತಾಗುತ್ತವೆ. ಎಳೆಗಳಿಗೆ ನೀರೆಂದರೆ ಪ್ರೀತಿ; ಗಂಟುಗಳಿರುವುದರಿಂದ ಕರಗಿ ಹೋಗಲಾರವು. ಹೀಗಾಗಿ ನೀರನ್ನು ಒಳಗೆ ಎಳೆದುಕೊಂಡು ಉಬ್ಬುತ್ತವೆ. ಇದಕ್ಕೆ ವಿಜ್ಞಾನಿಗಳು ಹೈಡ್ರೋಜೆಲ್ ಎನ್ನುತ್ತಾರೆ. ನಾವು ಲೋಳೆ ಎಂದೇ ಕರೆಯೋಣ.

ಗಂಟು ಕಡಿಮೆಯಿದ್ದರೆ ಬಲೆ ಚೆನ್ನಾಗಿ ಹಿಗ್ಗುತ್ತದೆ, ನೀರು ಹೆಚ್ಚು ಹಿಡಿಯುತ್ತದೆ. ಆದರೆ ಬೆರಳಿನಿಂದ ಒತ್ತಿದರೆ ಮುದ್ದೆಯಾಗಿ ಒಡೆಯುತ್ತದೆ. ಗಂಟು ಹೆಚ್ಚಿದ್ದರೆ ಲೋಳೆ ಗಟ್ಟಿ, ಆದರೆ ನೀರು ಕಡಿಮೆ. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಮನುಷ್ಯನು ತಯಾರಿಸಿದ ಲೋಳೆಗೆ ಬಹಳ ದೊಡ್ಡ ಇತಿಹಾಸವಿಲ್ಲ. ಆಗಿನ ಚೆಕೊಸ್ಲೊವಾಕಿಯದ ವಿಖ್ಟರ್ಲೆ ಮತ್ತು ಲಿಮ್ ಎಂಬ ವಿಜ್ಞಾನಿಗಳು ದೇಹಕ್ಕೆ ಒಗ್ಗುವ ಲೋಳೆಯ ವಿಷಯವನ್ನು 1960ರಲ್ಲಿ ಪ್ರಕಟಿಸಿದರು. ಮರುವರ್ಷ ವಿಖ್ಟರ್ಲೆ ಅವರು ಮಕ್ಕಳ ಆಟದ ಜೋಡಣೆ ಸಾಮಾನು ಮತ್ತು ಸೈಕಲ್ ಡೈನಮೋ ಉಪಯೋಗಿಸಿ ಮನೆಯಲ್ಲೇ ಯಂತ್ರ ಕಟ್ಟಿ, ಕಣ್ಣಿಗೆ ಇಟ್ಟುಕೊಳ್ಳುವ ಮೆದು ಮಸೂರವನ್ನು ಎರಕ ಹೊಯ್ದರು. ಬೇಸಾಯಕ್ಕೆ ಲೋಳೆ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿರುವ ಸರ್ಕಾರಿ ಕೃಷಿ ಸಂಶೋಧನಾಲಯದಲ್ಲಿ ಮುಸುಕಿನ ಜೋಳದ ಪಿಷ್ಟಕ್ಕೆ ಕೃತಕ ಎಳೆಗಳನ್ನು ಕಸಿ ಮಾಡಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ಪದಾರ್ಥವನ್ನು ತಯಾರಿಸಲಾಯಿತು. ನಮ್ಮ ದೇಶದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸೆಲ್ಯುಲೋಸನ್ನು ಆಧಾರವಾಗಿಟ್ಟುಕೊಂಡು ಪೂಸಾ ಹೈಡ್ರೋಜೆಲ್ ಎಂಬುದನ್ನು ರೂಪಿಸಿತು. ಶುದ್ಧ ನೀರಿನಲ್ಲಿ ಇದು ತನ್ನ ತೂಕದ ಕನಿಷ್ಠ 350 ಪಟ್ಟು ನೀರು ಹಿಡಿಯುತ್ತದೆ; ಹೆಕ್ಟೇರಿಗೆ 2.5ರಿಂದ 5 ಕಿ.ಗ್ರಾಂ ಸಾಕೆಂದು ಶಿಫಾರಸು.

ಒಂದು ಸಣ್ಣ ಲೆಕ್ಕ

350 ಪಟ್ಟು ಎಂದೊಡನೆ ಹೊಲಕ್ಕೆ ಮಳೆಯೇ ಬೇಡವೇನೋ ಎಂಬ ಭಾವನೆ ಬರುತ್ತದೆ. ಲೆಕ್ಕ ಹಾಕಿ ನೋಡೋಣ. 5 ಕಿ.ಗ್ರಾಂ ಲೋಳೆ ಹಿಡಿಯುವ ನೀರು 1,750 ಲೀಟರ್. ಒಂದು ಹೆಕ್ಟೇರಿನ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಅಂದರೆ ಆ ಐದು ಕಿಲೋ ಒಮ್ಮೆ ಹಿಡಿದಿಡುವ ನೀರು ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಮಣ್ಣಿನ ಭಾರದ ಕೆಳಗೆ ಲೋಳೆ ಲೋಟದಲ್ಲಿ ಉಬ್ಬಿದಷ್ಟು ಉಬ್ಬುವುದೂ ಇಲ್ಲ.

ಹಾಗಾದರೆ ಪ್ರಯೋಜನವಿಲ್ಲವೇ? ಇದೆ. ಬೀಜದ ಪಕ್ಕದಲ್ಲೇ, ಬೇರಿನ ಸುತ್ತಲೇ ಇದ್ದು, ಪ್ರತಿ ಮಳೆಗೂ ತುಂಬಿಕೊಂಡು ನಿಧಾನವಾಗಿ ಬಿಟ್ಟುಕೊಟ್ಟರೆ ಮೊಳಕೆಯ ಹಂತದಲ್ಲಿ ಎರಡು ಮಳೆಗಳ ನಡುವಿನ ಕೆಲವು ದಿನಗಳನ್ನು ದಾಟಿಸಬಲ್ಲದು. ಸಸಿಮಡಿಯಲ್ಲಿ, ಪಾಲಿಥೀನ್ ಚೀಲದ ಸಸಿಗಳಲ್ಲಿ, ನಾಟಿ ಗುಂಡಿಯಲ್ಲಿ ಇದರ ಗುಣ ಚೆನ್ನಾಗಿ ಕಾಣುತ್ತದೆ. ಇಡೀ ಹೊಲಕ್ಕೆ ಎರಚಿದರೆ ಹಣ ಎರಚಿದಂತೆ.

ಇಲ್ಲಿ ನನ್ನದೇ ಒಂದು ಪೇಚಾಟವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆಗೆಂದು ಹೋಗಿದ್ದೆ. ಪ್ರಯೋಗಶಾಲೆಯಿಂದ ತಂದಿದ್ದ ಬಟ್ಟಿ ಇಳಿಸಿದ ನೀರಿನಲ್ಲಿ ಚಿಟಿಕೆ ಹರಳು ಹಾಕಿದೆ. ನೋಡನೋಡುತ್ತಿದ್ದಂತೆ ಲೋಟ ತುಂಬಿತು, ಬೋರಲು ಹಾಕಿದರೂ ಬೀಳಲಿಲ್ಲ. ಎಲ್ಲರೂ ಬೆರಗಾದರು. ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ, “ನಮ್ಮ ಬೋರಿನ ನೀರಾಗೂ ಒಂದಪ ಮಾಡಿ ತೋರ್ಸಪ್ಪ” ಎಂದರು. ಮಾಡಿದೆ. ಹರಳು ಲೋಟದ ತಳದಲ್ಲಿ ಸಬ್ಬಕ್ಕಿಯಷ್ಟು ಊದಿ ಸುಮ್ಮನಾಯಿತು. ನಾನು ಓದಿದ್ದ ವಿಷಯವೇ ಅದು, ಆದರೂ ಮುಂಚೆ ಆ ನೀರನ್ನು ಪರೀಕ್ಷಿಸುವ ಯೋಚನೆ ನನಗೆ ಹೊಳೆದಿರಲಿಲ್ಲ.

ಕಾರಣ ಸರಳವಾಗಿದೆ. ಈ ಲೋಳೆಯ ಎಳೆಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ಅಂಶಗಳು ಒಂದನ್ನೊಂದು ದೂರ ತಳ್ಳುವುದರಿಂದ ಬಲೆ ಹಿಗ್ಗುತ್ತದೆ. ನೀರಿನಲ್ಲಿ ಲವಣವಿದ್ದರೆ ಆ ತಳ್ಳಾಟ ಕುಗ್ಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳಂತೂ ಎರಡು ಕೈಗಳಿಂದ ಎರಡು ಎಳೆಗಳನ್ನು ಹಿಡಿದು ಹೊಸ ಗಂಟು ಹಾಕಿಬಿಡುತ್ತವೆ.

ಹೊಲದಲ್ಲಿ ದುಂಡಾಣುಗಳನ್ನು ಕೊಂದರೆ ಯಾರಿಗೆ ನಷ್ಟ?

ಈಗ ಶೇಂಗಾ ಬೆಳೆಗಾರರ ಪ್ರಶ್ನೆಗೆ ಬರೋಣ. ಶೇಂಗಾ ಗಿಡವನ್ನು ಮಣ್ಣಿನಿಂದ ಮೆಲ್ಲನೆ ಬಿಡಿಸಿ ಬೇರನ್ನು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದರಲ್ಲಿ ವಾಸಿಸುವ ರೈಜೋಬಿಯಂ ದುಂಡಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ ಹಚ್ಚಿರಿ ಎಂದು ನಾವು ವರ್ಷವರ್ಷವೂ ಹೇಳುತ್ತೇವೆ. ಒಂದು ಕೈಯಿಂದ ಅದನ್ನು ಹಚ್ಚಿ, ಇನ್ನೊಂದು ಕೈಯಿಂದ ಅದೇ ಸಾಲಿಗೆ ದುಂಡಾಣು ನಾಶಕ ಲೋಳೆ ಹಾಕುವುದು ಎಂಥ ಬೇಸಾಯ?

ಇಷ್ಟೇ ಅಲ್ಲ. ಯೂರಿಯಾ ಹಾಕಿದ ಮೇಲೆ ಅದು ಅಮೋನಿಯವಾಗಿ, ಅಲ್ಲಿಂದ ನೈಟ್ರೇಟ್ ಆಗಿ ಮಾರ್ಪಡುವುದು ದುಂಡಾಣುಗಳ ಕೆಲಸದಿಂದ. ಸಗಣಿ ಗೊಬ್ಬರ ಕರಗುವುದರಲ್ಲೂ, ಮಣ್ಣಿನಲ್ಲಿ ಸಿಕ್ಕಿಕೊಂಡ ರಂಜಕ ಬಿಡುಗಡೆಯಾಗುವುದರಲ್ಲೂ ಅವುಗಳ ಪಾಲಿದೆ. ದುಂಡಾಣು ನಾಶಕ ಲೋಳೆಗಳಲ್ಲಿ ಬಹಳ ಸಲ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳನ್ನು ಸೇರಿಸುತ್ತಾರೆ. ಬೆಳ್ಳಿಗೆ ಒಳ್ಳೆಯ ದುಂಡಾಣು, ಕೆಟ್ಟ ದುಂಡಾಣು ಎಂಬ ಭೇದವಿಲ್ಲ. ಅಮೋನಿಯವನ್ನು ನೈಟ್ರೇಟ್ ಮಾಡುವ ಜೀವಿಗಳು ಅದಕ್ಕೆ ಬೇಗ ಬಲಿಯಾಗುತ್ತವೆ. ಬೆಳ್ಳಿಯು ಲೋಹವಾದ್ದರಿಂದ ಕೊಳೆತು ಹೋಗುವ ಮಾತೇ ಇಲ್ಲ.

ಇನ್ನು ಅವರನ್ನು ಕಾಡುತ್ತಿದ್ದ ಬುಡಕೊಳೆ ರೋಗ. ಶೇಂಗಾದಲ್ಲಿ ಅದು ಬರುವುದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರದಿಂದ. ಬುಡದಲ್ಲಿ ಬಿಳಿ ನೂಲಿನಂಥ ಬೆಳವಣಿಗೆ, ಅದರ ನಡುವೆ ಸಾಸಿವೆಯಂಥ ಕಾಳು ಕಂಡರೆ ಅದೇ. ದುಂಡಾಣುವನ್ನು ಕೊಲ್ಲುವ ಪದಾರ್ಥದಿಂದ ಶಿಲೀಂಧ್ರ ಸಾಯುತ್ತದೆಂದು ನಂಬಿ ಕೊಳ್ಳಬಾರದು. ಟ್ರೈಕೋಡರ್ಮದಿಂದ ಬೀಜೋಪಚಾರ, ಬೆಳೆ ಬದಲಾವಣೆ, ಆಳವಾದ ಮಾಗಿ ಉಳುಮೆ ಇವೇ ಇಲ್ಲಿನ ದಾರಿ.

ಲೋಳೆಯನ್ನು ಇದಕ್ಕೆ ತದ್ವಿರುದ್ಧವಾಗಿ ಬಳಸಿದವರೂ ಇದ್ದಾರೆ ಎಂಬುದು ಸ್ವಾರಸ್ಯದ ಸಂಗತಿ. ಕಡಲ ಪಾಚಿಯಿಂದ ದೊರೆಯುವ ಆಲ್ಜಿನೇಟಿನ ಸಣ್ಣ ಮಣಿಗಳೊಳಗೆ ಉಪಕಾರಿ ದುಂಡಾಣುಗಳನ್ನು ಜೀವಂತವಾಗಿ ಕೂಡಿಟ್ಟು, ಮಣ್ಣಿನಲ್ಲಿ ನಿಧಾನವಾಗಿ ಹೊರಬಿಡುವ ವಿಧಾನವನ್ನು ಬಶಾನ್ ಎಂಬ ವಿಜ್ಞಾನಿ 1986ರಲ್ಲಿ ವರದಿ ಮಾಡಿದರು. ಹೊಲದ ಲೋಳೆ ದುಂಡಾಣುವಿಗೆ ಮನೆಯಾಗಬೇಕು.

ಎತ್ತಿನ ಹೆಗಲಿನ ಮೇಲೆ

ಗಾಯ ಒಣಗಬೇಕು, ಗಾಳಿಯಾಡಬೇಕು ಎಂಬುದು ನಮ್ಮ ಹಿರಿಯರ ನಂಬಿಕೆ. ವೈದ್ಯರೂ ಬಹುಕಾಲ ಹಾಗೆಯೇ ನಂಬಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಂಬುವರು ಎಳೆಯ ಹಂದಿಗಳ ಚರ್ಮದ ಮೇಲೆ ಒಂದು ಪರೀಕ್ಷೆ ನಡೆಸಿದರು. ತೆರೆದು ಬಿಟ್ಟ ಗಾಯಗಳಿಗಿಂತ, ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಅಂದಿನಿಂದ ಗಾಯಕ್ಕೆ ತೇವವನ್ನು ಒದಗಿಸುವ ಪಟ್ಟಿಗಳ ಹುಡುಕಾಟ ಶುರುವಾಯಿತು. ಲೋಳೆ ಅದಕ್ಕೆ ಹೇಳಿ ಮಾಡಿಸಿದ್ದು: ತಂಪು, ಮೆದು, ಕಿತ್ತರೆ ಗಾಯದ ಹೊಸ ಚರ್ಮವನ್ನು ಕೀಳುವುದಿಲ್ಲ.

ತೇವವಿದ್ದಲ್ಲಿ ದುಂಡಾಣುವಿಗೂ ಸುಗ್ಗಿ. ಸಗಣಿ, ಗಂಜಲ, ನೊಣಗಳಿರುವ ಕೊಟ್ಟಿಗೆಯಲ್ಲಿ ಬರಿಯ ಲೋಳೆ ಹಾಕಿದರೆ ಕೀವಿಗೆ ದಾರಿ ಮಾಡಿದಂತೆ. ಆದ್ದರಿಂದ ಇಲ್ಲಿನ ಲೋಳೆಗೆ ದುಂಡಾಣು ನಿರೋಧಕ ಗುಣ ಬೇಕೇ ಬೇಕು. ಎತ್ತು ತಲೆಯಾಡಿಸುತ್ತದೆ, ಕಂಬಕ್ಕೆ ಉಜ್ಜುತ್ತದೆ; ಆದ್ದರಿಂದ ಗಟ್ಟಿಯಾಗಿರಬೇಕು. ಕಿತ್ತೆಸೆದ ಪಟ್ಟಿ ತಿಪ್ಪೆಗೆ ಬಿದ್ದು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ಮಣ್ಣಿನಲ್ಲಿ ಕರಗಿ ಹೋಗುವಂತಿರಬೇಕು. ಗಟ್ಟಿಯಾದ, ಪರಿಸರಕ್ಕೆ ಒಗ್ಗುವ, ದುಂಡಾಣು ನಿರೋಧಕ ಲೋಳೆ ಎಂದು ಸಂಶೋಧಕರು ಒಂದೇ ಉಸಿರಿನಲ್ಲಿ ಹೇಳುವ ಮೂರು ವಿಶೇಷಣಗಳಿಗೆ ನಮ್ಮ ಕೊಟ್ಟಿಗೆಯಲ್ಲಿ ಇರುವ ಅರ್ಥ ಇದು. ತೊಂದರೆಯೆಂದರೆ ಈ ಮೂರೂ ಒಂದನ್ನೊಂದು ಎಳೆದಾಡುತ್ತವೆ.

ದುಂಡಾಣುವನ್ನು ತಡೆಯುವುದಕ್ಕೆ ಇಂದು ಹೆಚ್ಚು ಗಮನ ಸೆಳೆದಿರುವುದು ಕೈಟೋಸಾನ್. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ನಿನಿಂದ ಇದನ್ನು ತೆಗೆಯುತ್ತಾರೆ. ಕೈಟಿನ್ನನ್ನು ಫ್ರಾನ್ಸಿನ ಬ್ರಾಕೊನೊ ಎಂಬುವರು 1811ರಲ್ಲಿ ಮೊದಲು ಕಂಡದ್ದು ಅಣಬೆಯಲ್ಲಿ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸೀಗಡಿ ಸಿಪ್ಪೆಯಿಂದ ಕೈಟಿನ್ ಮತ್ತು ಕೈಟೋಸಾನ್ ತಯಾರಿಸುವ ವಿಧಾನಗಳ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಾ ಬಂದಿದೆ. ಚಿಪ್ಪಿನ ಸುಣ್ಣವನ್ನು ಆಮ್ಲದಿಂದಲೂ ಸಸಾರಜನಕವನ್ನು ಕ್ಷಾರದಿಂದಲೂ ತೆಗೆದು, ಆಮೇಲೆ ಪ್ರಬಲ ಕ್ಷಾರದಲ್ಲಿ ಕುದಿಸಲಾಗುತ್ತದೆ. (ಈ ಕ್ಷಾರದ ತೊಳೆನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಪರಿಸರ ಸ್ನೇಹಿ ಎಂಬ ಹೆಸರಿಗೆ ಅರ್ಥವಿರುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಮುದ್ರಿಸುವವರು ಇದನ್ನು ಹೇಳುವುದಿಲ್ಲ.)

ಕೈಟೋಸಾನ್ ಕೆಲಸ ಮಾಡುವ ರೀತಿ ಹೀಗಿದೆ. ಸ್ವಲ್ಪ ಹುಳಿ ಇರುವ ವಾತಾವರಣದಲ್ಲಿ ಅದರ ಎಳೆಗಳ ಮೇಲೆ ಧನ ವಿದ್ಯುದಂಶ ಮೂಡುತ್ತದೆ. ದುಂಡಾಣುವಿನ ಹೊರಮೈಯಲ್ಲಿರುವುದು ಋಣಾಂಶ. ಎಳೆಗಳು ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತವೆ, ಒಳಗಿನ ಸಾರ ಹೊರಗೆ ಸೋರುತ್ತದೆ. ಹುಳಿ ಕಡಿಮೆಯಾಗಿ ಕ್ಷಾರದ ಕಡೆಗೆ ಹೋದಂತೆ ಈ ಶಕ್ತಿ ಕುಂದುತ್ತದೆ. ನಮ್ಮ ಕಪ್ಪು ಭೂಮಿಗಳು ಬಹುಮಟ್ಟಿಗೆ ಕ್ಷಾರದ ಗುಣದವು; ಅಲ್ಲಿಗೆ ಬಿದ್ದ ಕೈಟೋಸಾನ್ ಹೆಚ್ಚು ಆರ್ಭಟ ಮಾಡಲಾರದು. ಮಣ್ಣಿನ ಆಕ್ಟಿನೊಮೈಸೀಟ್ ಎಂಬ ಜೀವಿಗಳಿಗೆ ಕೈಟಿನ್ ಜಾತಿಯ ಪದಾರ್ಥಗಳು ಆಹಾರ. ಮೊದಲ ಮಳೆಗೆ ಏಳುವ ಮಣ್ಣಿನ ಘಮಲೂ ಈ ಜೀವಿಗಳದ್ದೇ. ಗಾಯದ ಮೇಲೆ ದುಂಡಾಣುವನ್ನು ಕೊಂದ ಪದಾರ್ಥವನ್ನು ತಿಪ್ಪೆಯಲ್ಲಿ ಅದರ ಬಂಧುಗಳೇ ತಿಂದು ಮುಗಿಸುತ್ತವೆ. ಬೆಳ್ಳಿಗಿಂತ ಕೈಟೋಸಾನನ್ನು ನಾನು ಮೇಲೆಂದು ಎಣಿಸುವುದು ಈ ಕಾರಣಕ್ಕೆ. ಅಮೆರಿಕದಲ್ಲಿ 2002ರಲ್ಲೇ ರಕ್ತಸ್ರಾವ ನಿಲ್ಲಿಸುವ ಕೈಟೋಸಾನ್ ಪಟ್ಟಿಗೆ ಪರವಾನಗಿ ದೊರೆತು ಸೈನಿಕರಿಗೆ ಉಪಯೋಗವಾಯಿತು.

ಗಟ್ಟಿತನ ಎಲ್ಲಿಂದ?

ಕೈಟೋಸಾನ್ ಲೋಳೆ ಒಂದೇ ಇದ್ದರೆ ಬಹಳ ಬಡಕಲು, ಮಡಿಸಿದರೆ ಒಡೆಯುತ್ತದೆ. ಗಟ್ಟಿ ಮಾಡಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಗಂಟು ಹಾಕುವುದು ಹಳೆಯ ಕ್ರಮ. ಗಂಟು ಬೀಳುತ್ತದೆ, ಆದರೆ ಅದು ವಿಷ, ಗಾಯಕ್ಕೂ ಒಳ್ಳೆಯದಲ್ಲ.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ಮತ್ತು ಸಂಗಡಿಗರು 2003ರಲ್ಲಿ ಬೇರೊಂದು ಹಾದಿ ತೋರಿಸಿದರು. ಒಂದರೊಳಗೊಂದು ಹೆಣೆದ ಎರಡು ಬಲೆಗಳು: ಒಂದು ಬಿಗಿ, ಇನ್ನೊಂದು ಸಡಿಲ. ಒತ್ತಡ ಬಿದ್ದಾಗ ಬಿಗಿ ಬಲೆ ಅಲ್ಲಲ್ಲಿ ಹರಿಯುತ್ತಾ ಪೆಟ್ಟನ್ನು ನುಂಗುತ್ತದೆ, ಸಡಿಲ ಬಲೆ ಬಿರುಕು ಮುಂದುವರಿಯದಂತೆ ಹಿಡಿದುಕೊಳ್ಳುತ್ತದೆ. ಸುಮಾರು ಶೇಕಡಾ 90ರಷ್ಟು ನೀರೇ ಇರುವ ಲೋಳೆ ಚದರ ಸೆಂಟಿಮೀಟರಿಗೆ 170 ಕಿ.ಗ್ರಾಂನಷ್ಟು ಒತ್ತಡವನ್ನು ತಡೆಯಿತು. ಆದರೆ ಅವರ ಎಳೆಗಳು ಪೂರ್ತಿ ಕೃತಕ, ಮಣ್ಣಿನಲ್ಲಿ ಸುಲಭವಾಗಿ ಕರಗುವಂಥವಲ್ಲ. ಅದೇ ಉಪಾಯವನ್ನು ಕೊಳೆಯುವ ಎಳೆಗಳಿಂದ ಸಾಧಿಸುವುದು ಅನಂತರದವರ ಕೆಲಸವಾಯಿತು. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪದಾರ್ಥದ ದ್ರಾವಣವನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರೆ ಯಾವ ರಾಸಾಯನಿಕವೂ ಇಲ್ಲದೆ ತಾನೇ ಗಂಟು ಬೀಳುತ್ತದೆ. ಅದರೊಳಗೆ ಕೈಟೋಸಾನ್ ಬೆರೆಸುತ್ತಾರೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸುವಂತೆ ಸೆಲ್ಯುಲೋಸಿನ ಅತಿ ಸಣ್ಣ ನಾರುಗಳನ್ನು ಕಲಸುವವರೂ ಇದ್ದಾರೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಟ್ಯಾನಿನ್ನಿನ ಉಪಯೋಗ. ಹಸಿ ತೊಗಲು ಎರಡು ದಿನದಲ್ಲಿ ನಾರುತ್ತದೆ. ಅದನ್ನೇ ತಂಗಡಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ನೆನೆಸಿ ಹದ ಮಾಡಿದರೆ ವರ್ಷಗಟ್ಟಲೆ ಬಾಳುವ ಮಿಣಿ, ಬಾರುಕೋಲಿನ ಬಾರು ಆಗುತ್ತದೆ. ಎಳೆಗಳನ್ನು ಬಿಗಿಯುವುದೂ ಕೊಳೆಯದಂತೆ ತಡೆಯುವುದೂ ಒಂದೇ ಟ್ಯಾನಿನ್. ಲೋಳೆಗೆ ಟ್ಯಾನಿನ್ ಸೇರಿಸಿದಾಗಲೂ ಇವೇ ಎರಡು ಫಲಗಳು ಕಂಡುಬಂದಿವೆ. ಆದರೆ ಹದ ಮಾಡಿದ ತೊಗಲು ಹಸಿ ತೊಗಲಿನಂತೆ ನೀರಿನಲ್ಲಿ ಉಬ್ಬುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಲೋಳೆಯೂ ಹಾಗೆಯೇ. ಟ್ಯಾನಿನ್ ಮಿತಿ ಮೀರಿದರೆ ಅದು ಲೋಳೆಯಾಗಿ ಉಳಿಯದೆ ತೊಗಲಾಗುತ್ತದೆ. ಎಷ್ಟು ಹಾಕಬೇಕೆಂಬ ಹದವೇ ಇಲ್ಲಿ ಸಂಶೋಧನೆ.

ಇಂಥ ವರದಿಗಳನ್ನು ಓದುವಾಗ ಒಂದು ಎಚ್ಚರ ಇರಬೇಕು. ಹೆಚ್ಚಿನ ಪರೀಕ್ಷೆಗಳು ಗಾಜಿನ ತಟ್ಟೆಯಲ್ಲಿ, ಒಂದೆರಡು ಜಾತಿಯ ದುಂಡಾಣುಗಳ ಮೇಲೆ, ಒಂದೆರಡು ದಿನ ನಡೆದವು. ಕೊಟ್ಟಿಗೆಯ ಎತ್ತು ಗಾಜಿನ ತಟ್ಟೆಯಲ್ಲ.

ಸದ್ಯಕ್ಕೆ ಏನು ಮಾಡಬಹುದು?

ಹೆಗಲು ಹುಣ್ಣಿಗೆ ಮೊದಲ ಔಷಧ ವಿಶ್ರಾಂತಿ, ಎರಡನೆಯದು ನೊಗದ ದುರಸ್ತಿ. ಒರಟಾದ, ಒಂದು ಕಡೆಗೆ ವಾಲಿದ ನೊಗವನ್ನು ಹಾಗೆಯೇ ಇಟ್ಟುಕೊಂಡು ಯಾವ ಲೋಳೆ ಹಚ್ಚಿದರೂ ಹುಣ್ಣು ಮಾಯದು. ಗಾಯಕ್ಕೆ ಹಚ್ಚುವ ಲೋಳೆಗಳನ್ನು ಪಶುವೈದ್ಯರು ನೋಡಿ ಹೇಳಿದ ಮೇಲೆಯೇ ಬಳಸಬೇಕು. ಕೀವು ತುಂಬಿದ, ಹುಳು ಬಿದ್ದ, ಆಳವಾದ ಗಾಯವನ್ನು ತಾವಾಗಿಯೇ ಮುಚ್ಚಿ ಕಟ್ಟಕೂಡದು. ಹೊಲಕ್ಕೆಂದು ಮಾರುವ ಹರಳನ್ನು ಗಾಯಕ್ಕೆ ಹಾಕುವ ಸಾಹಸವಂತೂ ಬೇಡವೇ ಬೇಡ. ಬೆಳ್ಳಿ ಇರುವ ಪಟ್ಟಿಯಾದರೆ ಕಿತ್ತ ಮೇಲೆ ತಿಪ್ಪೆಗೆ ಎಸೆಯದೆ ಪಶು ಚಿಕಿತ್ಸಾಲಯಕ್ಕೇ ಹಿಂದಿರುಗಿಸುವುದು ಒಳ್ಳೆಯದು.

ಹೊಲಕ್ಕೆ ಲೋಳೆ ಕೊಳ್ಳುವವರು ಅಂಗಡಿಯಲ್ಲಿ ಮೂರು ಸಂಗತಿ ಕೇಳಬೇಕು: ಯಾವುದರಿಂದ ಮಾಡಿದ್ದು, ಮಣ್ಣಿನಲ್ಲಿ ಎಷ್ಟು ಕಾಲ ಇರುತ್ತದೆ, ದುಂಡಾಣು ನಾಶಕ ಏನಾದರೂ ಸೇರಿದೆಯೇ. ಪಿಷ್ಟ, ಸೆಲ್ಯುಲೋಸ್, ಗೋರಿಕಾಯಿ ಗೋಂದು ಇವುಗಳ ಎಳೆಗಳನ್ನು ಕತ್ತರಿಸಲು ಮಣ್ಣಿನ ಜೀವಿಗಳಿಗೆ ಗೊತ್ತು. ಪೂರ್ತಿ ಕೃತಕವಾದ ಅಕ್ರಿಲೇಟ್ ಎಳೆಗಳು ಬಹಳ ನಿಧಾನ. ಪಿಷ್ಟಕ್ಕೋ ಸೆಲ್ಯುಲೋಸಿಗೋ ಕಸಿ ಮಾಡಿದವುಗಳಲ್ಲಿ ಎರಡೂ ಬಗೆಯ ಎಳೆಗಳಿರುವುದರಿಂದ ಒಂದು ಭಾಗ ಬೇಗ ಹೋಗಿ ಇನ್ನೊಂದು ಉಳಿಯುತ್ತದೆ.

ಕೊಳ್ಳುವ ಮೊದಲು ಸ್ವಲ್ಪ ಮಾದರಿ ತಂದು ಹೀಗೆ ಮಾಡಿ ನೋಡಿರಿ. ಎರಡು ಬಕೆಟ್ ತೆಗೆದುಕೊಂಡು ಒಂದರಲ್ಲಿ 10 ಲೀಟರ್ ಮಳೆ ನೀರು, ಇನ್ನೊಂದರಲ್ಲಿ 10 ಲೀಟರ್ ನಿಮ್ಮ ಕೊಳವೆ ಬಾವಿಯ ನೀರು ಹಾಕಿ. ಕಿರಾಣಿ ತಕ್ಕಡಿಯಲ್ಲಿ ತೂಗಿದ 10 ಗ್ರಾಂ ಹರಳನ್ನು ಒಂದೊಂದಕ್ಕೂ ಸೇರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಹಿಂಡದೆ, ಇಳಿದ ನೀರನ್ನು ಅಳೆಯಿರಿ. 350 ಪಟ್ಟು ಹೀರುವುದಾದರೆ ಮೂರೂವರೆ ಲೀಟರ್ ಬಟ್ಟೆಯಲ್ಲಿ ಉಳಿದು ಆರೂವರೆ ಲೀಟರ್ ಮಾತ್ರ ಇಳಿಯಬೇಕು. ನಿಮ್ಮ ಬಾವಿ ನೀರಿನಲ್ಲಿ ಎಷ್ಟು ಇಳಿಯಿತೋ ಅದೇ ನಿಮ್ಮ ಹೊಲದ ಲೆಕ್ಕ.

ಚಳ್ಳಕೆರೆಯ ಆ ರೈತರು ಮನೆಗೆ ಹೋಗಿ ಇದನ್ನು ಮಾಡಿ ಫೋನು ಮಾಡಿದರು. ಬೋರಿನ ನೀರಿನ ಬಕೆಟ್ಟಿನಿಂದ ಹೆಚ್ಚು ಕಡಿಮೆ ಹಾಕಿದಷ್ಟೂ ವಾಪಸು ಇಳಿದಿತ್ತಂತೆ. ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸಿ, ಶೇಂಗಾ ಬೀಜಕ್ಕೆ ರೈಜೋಬಿಯಂ ಹಚ್ಚಿ ನೆರಳಲ್ಲಿ ಒಣಗಿಸಿ ಬಿತ್ತಿದ್ದೇನೆ ಎಂದರು. ಬಿತ್ತನೆಗೆ ನೆರೆಯವರ ಎತ್ತು ಕೇಳಿ ತಂದಿದ್ದರು. ತಮ್ಮ ಎತ್ತು ಕೊಟ್ಟಿಗೆಯಲ್ಲೇ ಇದೆ, ಹೆಗಲು ಒಣಗುತ್ತಾ ಬಂದಿದೆ, ಬಡಗಿಯ ಹತ್ತಿರ ಕೊಟ್ಟ ನೊಗ ಇನ್ನೂ ಬಂದಿಲ್ಲ ಎಂದರು.